ಸೂಗಪ್ಪನ ಮೋಟಾರು, ಮಲ್ಕಮ್ಮನ ಗೋಡೆ

ಕುಸನೂರಿನ ಗಾಣಿಗರ ಸೂಗಪ್ಪ ಮೂವತ್ತೆರಡನೆಯ ವಯಸ್ಸಿಗೆ ಸ್ವಂತ ಮೋಟಾರಿನ ಮಾಲೀಕನಾದ. ನಿಜಾಮರ ಆಳ್ವಿಕೆಯ ಕಾಲ, ಸಾವಿರದ ಒಂಬೈನೂರ ಮೂವತ್ತರ ಆಸುಪಾಸು. ಕಲಬುರ್ಗಿಯಂಥ ಊರಲ್ಲೂ ಆಗ ಮೋಟಾರುಗಳು ಅಪರೂಪ. ಇದ್ದವು ದೊಡ್ಡ ಅಧಿಕಾರಿಗಳವು, ಜಾಗೀರದಾರರವು, ಹತ್ತಿ ವ್ಯಾಪಾರಿಗಳವು. ಅಂಥವರ ನಡುವೆ ಎಣ್ಣೆ ತೆಗೆಯುವವನ ಮಗನೊಬ್ಬ ಮೋಟಾರು ಇಟ್ಟಿದ್ದಾನೆ ಎಂಬುದು ಕುಸನೂರಿನವರಿಗೆ ಹೆಮ್ಮೆ. ಅದರ ಜೊತೆಗೆ ಒಂದಿಷ್ಟು ಅನುಮಾನವೂ ಇತ್ತೆನ್ನಿ.

ಅಪ್ಪನಿಗೆ ಮಗ ಗಾಣದ ಹತ್ತಿರವೇ ಇರಲಿ ಎಂಬ ಆಸೆ. ಸೂಗಪ್ಪನಿಗೆ ಅದು ಆಗಿಬರಲಿಲ್ಲ. "ಎತ್ತಿನ ಹಿಂದ ದಿನಕ್ಕ ಹತ್ತು ಹರದಾರಿ ನಡೀತೀನಿ. ಸಂಜಿಗಿ ನೋಡಿದರ ಮುಂಜಾನಿ ಇದ್ದಲ್ಲೇ ಇರ್ತೀನಿ" ಎಂದು ಹೇಳಿ, ಹದಿನಾರನೇ ವಯಸ್ಸಿಗೆ ಕಲಬುರ್ಗಿಗೆ ಬಂದು ಒಬ್ಬ ಅಧಿಕಾರಿಯ ಬಂಗಲೆಯಲ್ಲಿ ಮೋಟಾರು ತೊಳೆಯುವ ಕೆಲಸಕ್ಕೆ ಸೇರಿಕೊಂಡ. ತೊಳೆಯುತ್ತ ತೊಳೆಯುತ್ತ ಬಿಚ್ಚುವುದು ಕಲಿತ, ಬಿಚ್ಚಿದ್ದನ್ನು ಜೋಡಿಸುವುದು ಕಲಿತ, ಕಡೆಗೆ ನಡೆಸುವುದು ಕಲಿತ. ಹದಿನಾರು ವರ್ಷ ದುಡಿದ ಮೇಲೆ ಆ ಅಧಿಕಾರಿಗೆ ಹೈದರಾಬಾದಿಗೆ ವರ್ಗವಾಯಿತು. ಹಳೇ ಮೋಟಾರನ್ನು ಅಷ್ಟು ದೂರ ಒಯ್ಯುವ ಮನಸ್ಸು ಅವರಿಗಿರಲಿಲ್ಲ. "ಇದರ ಮಿಜಾಜು ನಿನಗೊಬ್ಬನಿಗೇ ಗೊತ್ತು, ನೀನೇ ಇಟ್ಟುಕೋ" ಎಂದು ಕೊಟ್ಟುಬಿಟ್ಟರು.

ಮೇಲೆ ಬಟ್ಟೆಯ ಹೊದಿಕೆ, ಎರಡು ಕಡೆ ಕಾಲಿಟ್ಟು ಹತ್ತುವ ಹಲಗೆ, ಮುಂದೆ ಹಿತ್ತಾಳೆಯ ಎರಡು ದೊಡ್ಡ ದೀಪ. ಸೂಗಪ್ಪ ಅದನ್ನು ಬಾಡಿಗೆಗೆ ಓಡಿಸತೊಡಗಿದ. ಸ್ಟೇಷನ್ನಿನಿಂದ ರೋಜಾ ದರ್ಗಾಕ್ಕೆ ಬರುವ ಯಾತ್ರಿಕರು, ಹಳ್ಳಿಗಳಿಗೆ ಹೋಗುವ ಬೀಗರು, ಕಚೇರಿಯ ಕೆಲಸದ ಮೇಲೆ ಹೋಗುವ ಗುಮಾಸ್ತರು ಅವನ ಗಿರಾಕಿಗಳು. ಉರುಸಿನ ದಿನಗಳಲ್ಲಂತೂ ಅವನಿಗೆ ಉಣ್ಣಲೂ ಪುರುಸೊತ್ತು ಇರುತ್ತಿರಲಿಲ್ಲ. ಹೆಂಡತಿ ನೀಲಗಂಗಮ್ಮ ರೊಟ್ಟಿಯ ಗಂಟು ಹಿಡಿದುಕೊಂಡು ರೋಜಾದ ಹತ್ತಿರ ನಿಂತಿರುತ್ತಿದ್ದಳು. ಅವನು ಗಾಡಿ ನಿಲ್ಲಿಸದೆಯೇ ಗಂಟು ಇಸಕೊಂಡು ಹೋಗುತ್ತಿದ್ದ.

ಗಾಡಿ ನಿಲ್ಲಿಸದಿರುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಬ್ರೇಕು ಸರಿಯಿರಲಿಲ್ಲ. ಒಮ್ಮೆ ತುಳಿದರೆ ನಿಲ್ಲದು. ಎರಡು ಸಲ, ಕೆಲವೊಮ್ಮೆ ಮೂರು ಸಲ ತುಳಿಯಬೇಕು. ಊರೊಳಗೆ ನಿಧಾನ ಹೋಗುವಾಗ ಅದು ನಡೆಯುತ್ತಿತ್ತು.

ಒಂದು ದಿನ ಸೊಲ್ಲಾಪುರದ ಕಡೆಯ ಬಿಮಾ, ಅಂದರೆ ವಿಮೆಯ, ಏಜೆಂಟನೊಬ್ಬ ಮನೆಗೆ ಬಂದ. ಕರಿಟೋಪಿ, ಕಂಕುಳಲ್ಲಿ ಕೊಡೆ. ಚಾಪೆಯ ಮೇಲೆ ಕುಳಿತು ನೀರು ಕುಡಿದು, ಸಮಾಧಾನವಾಗಿ ವಿವರಿಸಿದ. "ನಿಮ್ಮ ಗಾಡಿ ಯಾರಿಗಾದ್ರೂ ಬಡೀತು ಅಂತ ತಿಳೀರಿ—"

"ತಿಳ್ಯಾಕ ಹೋಗೂದೇ ಬ್ಯಾಡ್ರಿ" ಎಂದ ಸೂಗಪ್ಪ.

ಏಜೆಂಟ ಇನ್ನೂ ಎರಡು ಬಾರಿ ಅದೇ ಮಾತು ತೆಗೆದ, ಸೂಗಪ್ಪ ಎರಡು ಬಾರಿಯೂ ತಿಳಿಯಲು ಒಪ್ಪಲಿಲ್ಲ. ಅವನು ಹೋದ ಮೇಲೆ ನೀಲಗಂಗಮ್ಮ ಹೇಳಿದಳು: "ಅವರ ಮಾತು ಖರೇ ಇತ್ತು ನೋಡ್ರಿ."

"ಕೆಟ್ಟದ್ದಕ್ಕ ಮುಂಗಡ ಕೊಟ್ಟು ಕರೆಸಿಕೊಂಡಂಗ ಆಗ್ತದ. ಯಾರು ಹೇಳ್ಯಾರ?"

"ಹಂಗಾದರ ಬ್ರೇಕನ್ನರ ರಿಪೇರಿ ಮಾಡಸ್ರಿ."

"ಉರುಸು ಮುಗೀಲಿ."

ಉರುಸೇನೋ ಮುಗಿಯಿತು. ಅದರ ಬೆನ್ನಿಗೆ ಲಗ್ನದ ಹಂಗಾಮು ಶುರುವಾಯಿತು.

ಬೇಸಿಗೆಯ ಆರಂಭದ ಒಂದು ಮಂಗಳವಾರ ಕಚೇರಿಯ ಪೇಶ್ಕಾರ ಅಲ್ಲಾವುದ್ದೀನ್ ಸಾಹೇಬರು ಕಮಲಾಪುರಕ್ಕೆ ಗಾಡಿ ಹೇಳಿದರು. ಅಲ್ಲಿ ಅವರ ಗೆಳೆಯರ ಮನೆಯಲ್ಲಿ ಲಗ್ನ. ಸಾಹೇಬರು ದಪ್ಪ ಆಳು, ನಗುಮುಖದವರು, ಹೊಸ ಬಿಳಿ ಶೇರವಾನಿ ತೊಟ್ಟು ಹಿಂದಿನ ಸೀಟು ತುಂಬಿ ಕುಳಿತಿದ್ದರು. ಇಪ್ಪತ್ತು ಮೈಲಿಗೂ ಮಿಕ್ಕ ದಾರಿ. ಬಯಲು, ಕರಿಮಣ್ಣಿನ ಹೊಲ, ಆಮೇಲೆ ಏರು ಇಳಿವು. ದಾರಿಯುದ್ದಕ್ಕೂ ಸಾಹೇಬರು ಲಗ್ನದಲ್ಲಿ ಏನೇನು ಅಡಿಗೆ ಮಾಡಿಸಿರಬಹುದೆಂದು ಒಂದೊಂದೇ ಹೇಳುತ್ತ ಬಂದರು.

ಕಮಲಾಪುರ ಮುಟ್ಟಿದಾಗ ಹತ್ತು ಗಂಟೆ ಆಗಿರಬೇಕು. ಲಗ್ನದ ಮನೆಗೆ ಹೋಗುವ ಓಣಿ ಇಕ್ಕಟ್ಟು, ಅದರ ಮೇಲೆ ಇಳಿಜಾರು. ತಿರುವು ದಾಟಿದ್ದೇ ತಡ, ಓಣಿಯ ನಟ್ಟನಡುವೆ ಒಂದು ಎಮ್ಮೆ ಅಡ್ಡ ನಿಂತಿದೆ. ಸೂಗಪ್ಪ ಹಾರ್ನು ಒತ್ತಿದ. ಎಮ್ಮೆ ಕಿವಿ ಅಲುಗಿಸಿತು, ಅಷ್ಟೆ. ಬ್ರೇಕು ತುಳಿದ. ಮತ್ತೊಮ್ಮೆ ತುಳಿದ. ಮೂರನೆಯದು ತುಳಿಯಲು ಜಾಗ ಉಳಿದಿರಲಿಲ್ಲ. ಎಮ್ಮೆಯನ್ನು ಉಳಿಸಲು ಎಡಕ್ಕೆ ಹೊರಳಿಸಿದ. ಗಾಡಿ ಒಂದು ಮನೆಯ ಹಿಂದಿನ ಕಟ್ಟೆ ಹತ್ತಿ, ಕಟ್ಟೆಯನ್ನು ಕೆಡವಿ, ಕಲ್ಲುಮಣ್ಣಿನ ಗೋಡೆಗೆ ಮೂತಿ ತೂರಿಸಿ ನಿಂತಿತು.

ಗೋಡೆಯ ಆಚೆಗಿದ್ದದ್ದು ಭಾಗಪ್ಪ ಎಂಬ ಬಾಳೆತೋಟದ ಒಕ್ಕಲಿಗನ ಅಡಿಗೆಮನೆ. ಅವನ ಹೆಂಡತಿ ಮಲ್ಕಮ್ಮ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಐವತ್ತರ ಹತ್ತಿರದ ಗಟ್ಟಿಮುಟ್ಟು ಹೆಂಗಸು. ದಡ್ ಎಂದು ಸದ್ದಾಯಿತು, ಗೋಡೆಯ ಕಲ್ಲುಗಳು ಉರುಳಿದವು, ಹಿಟ್ಟಿನ ಮೇಲೆಲ್ಲ ಮಣ್ಣು ಸುರಿಯಿತು. ತಲೆ ಎತ್ತಿ ನೋಡಿದರೆ ಗೋಡೆಯ ತೂತಿನಲ್ಲಿ ಹಿತ್ತಾಳೆಯ ದೊಡ್ಡ ದೀಪವೊಂದು ಅವಳನ್ನೇ ನೋಡುತ್ತಿದೆ. ಅದರ ಹಿಂದೆ, ಧೂಳಿನ ನಡುವೆ, ಒಬ್ಬ ಗಂಡಸಿನ ಮುಖ.

ಮಲ್ಕಮ್ಮ ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ಕೇಳಿದಳು: "ಯಾರಪ್ಪಾ ನೀವು? ಬಾಗಲ ಆ ಕಡಿ ಅದ."

ಸೂಗಪ್ಪ ಮುಖದ ಧೂಳು ಒರೆಸಿಕೊಂಡು, "ನಿಮಗೇನರ ಪೆಟ್ಟಾತೇನ್ರೀ ಯವ್ವಾ?" ಎಂದ.

"ನನಗೇನೂ ಆಗಿಲ್ಲ. ಹಿಟ್ಟ ಕೆಟ್ಟತು."

ಅಷ್ಟರಲ್ಲಿ ಓಣಿಗೆ ಓಣಿಯೇ ಸೇರಿತು. ತೋಟದಿಂದ ಭಾಗಪ್ಪನೂ ಬಂದ. ಅವನು ಹೆಚ್ಚು ಮಾತಿನವನಲ್ಲ. ಮೊದಲು ಹೆಂಡತಿಯನ್ನು ನೋಡಿದ, ಆಮೇಲೆ ಗೋಡೆಯನ್ನು, ಆಮೇಲೆ ಮೋಟಾರನ್ನು ನೋಡಿದ. ಎಮ್ಮೆ ಇನ್ನೂ ಅಲ್ಲೇ ನಿಂತು ಮೆಲುಕು ಹಾಕುತ್ತಿತ್ತು.

ಶೇರವಾನಿಯ ಮಣ್ಣು ಕೊಡವುತ್ತ ಅಲ್ಲಾವುದ್ದೀನ್ ಸಾಹೇಬರು ಸೂಗಪ್ಪನನ್ನು ಪಕ್ಕಕ್ಕೆ ಕರೆದರು. ಅವರ ಕಣ್ಣು ಆಗಲೇ ಕಟ್ಟೆಯನ್ನು ಅಳೆದುಬಿಟ್ಟಿತ್ತು. "ಸೂಗಪ್ಪಾ, ಈ ಕಟ್ಟಿ ರಸ್ತೆದಾಗ ಎರಡು ಹೆಜ್ಜೆ ಬಂದದ. ಸರಕಾರಿ ಜಾಗಾ. ನಾ ಕಚೇರಿ ಮನುಷ್ಯ, ಹಂಗಂತ ಒಂದು ಕಾಗದ ಬರದರ ಇವರೇ ನಿನಗ ಕೈ ಮುಗೀತಾರ. ಏನಂತೀ?"

ಕಟ್ಟೆ ರಸ್ತೆಗೆ ಬಂದಿತ್ತು, ಅದು ಸುಳ್ಳಲ್ಲ. ಸೂಗಪ್ಪ ಒಂದು ಗಳಿಗೆ ಯೋಚಿಸಿದ. ವಯಸ್ಸಾದ ಮೇಲೆ ಈ ಕಥೆ ಹೇಳುವಾಗೆಲ್ಲ ಅವನು ಆ ಒಂದು ಗಳಿಗೆಯನ್ನು ಮುಚ್ಚಿಡುತ್ತಿರಲಿಲ್ಲ. "ಆಸೆ ಆತು. ಇಲ್ಲಂತ ಹ್ಯಾಂಗ ಹೇಳ್ಲಿ? ಆದರ ಆ ಹೆಣ್ಣಮಗಳು ನನ್ನ ಮಾರಿ ನೋಡಾಕತ್ತಿದ್ದಳು" ಎನ್ನುತ್ತಿದ್ದ.

ಅವನು ಜನರ ಕಡೆಗೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದ: "ತಪ್ಪು ನಂದು. ಬ್ರೇಕ ಸರಿ ಇರಲಿಲ್ಲ. ಅದು ನನಗ ಗೊತ್ತಿತ್ತು."

ಬೈಯಲೆಂದೇ ತಯಾರಾಗಿ ಬಂದಿದ್ದ ಮಂದಿ ಬಿದ್ದ ಕಲ್ಲುಗಳನ್ನು ಎಣಿಸತೊಡಗಿದರು. ಸಾಹೇಬರು ತಲೆ ಅಲ್ಲಾಡಿಸಿದರು. "ಬಿಮಾ ಮಾಡ್ಸೀಯೋ ಇಲ್ಲೋ?"

"ಇಲ್ರಿ ಸಾಹೇಬ್ರ."

"ಹಂಗಾದರ ನೀನೇ ಬಿಮಾ" ಎಂದು ಅವರು ನಕ್ಕುಬಿಟ್ಟರು.

ಮಲ್ಕಮ್ಮನಿಗೆ ನಗು ಬರಲಿಲ್ಲ. ಬರುವ ಸೋಮವಾರ ಅವಳ ಮಗಳು ಯಮನಮ್ಮನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಬಿದ್ದ ಗೋಡೆಯ ಮನೆ ನೋಡಿ ಅವರೇನು ತಿಳಿದುಕೊಂಡಾರು? ಊರಲ್ಲಿ ಗೋಡೆ ಕಟ್ಟುವ ಗೌಂಡಿ ಮೈಬೂಬ ಬೇರೆ ಹದಿನೈದು ದಿನದ ಹಿಂದೆ ಮಾಳಿಗೆಯಿಂದ ಬಿದ್ದು ಎಡಗೈ ಮುರಿದುಕೊಂಡು, ಬಿದಿರ ಚಕ್ಕೆ ಕಟ್ಟಿಸಿಕೊಂಡು ಕೂತಿದ್ದ. ಅವನೂ ಆ ಗುಂಪಿನಲ್ಲೇ ಇದ್ದ.

"ನಾ ಕಟ್ಟಿ ಕೊಡ್ತೀನ್ರಿ ಯವ್ವಾ" ಎಂದ ಸೂಗಪ್ಪ. "ಸೋಮವಾರದೊಳಗ."

"ಎಂದರ ಗ್ವಾಡಿ ಕಟ್ಟೀಯೇನು?"

"ಇಲ್ಲ. ಆದರ ಮೋಟಾರನೂ ಯಾರೂ ನನಗ ಕಲಿಸಲಿಲ್ಲ. ನೋಡಿ ಕಲತೀನಿ."

ಮೈಬೂಬ ಮುಂದೆ ಬಂದ. "ಕಲ್ಲ ಎತ್ತೋ ಕೈ ಇವನದು ಇರಲಿ, ಕಣ್ಣ ನನ್ನವು. ಅಡ್ಡಿ ಇಲ್ಲ ಮಲ್ಕಕ್ಕಾ, ಕಟ್ಟಿಸ್ತೀನಿ." ಗೋಡೆ ಏಳುವ ತನಕ ಮೋಟಾರು ಅಲ್ಲೇ ಇರಬೇಕೆಂದು ಹಿರಿಯರು ಹೇಳಿದರು. ಸೂಗಪ್ಪ ಒಪ್ಪಿದ. ಸಾಹೇಬರು ಲಗ್ನದ ಮನೆಗೆ ನಡೆದುಕೊಂಡೇ ಹೋದರು. ಅಲ್ಲಿ ಅವರು ಈ ಕಥೆಯನ್ನು ಎಷ್ಟು ಚೆನ್ನಾಗಿ ಹೇಳಿದರೆಂದರೆ, ಮಧ್ಯಾಹ್ನ ಊಟ ಮುಗಿದದ್ದೇ ಬೀಗರೆಲ್ಲ ಗೋಡೆ ನೋಡಲು ಬಂದರು.

ಮರುದಿನ ಬೆಳಗ್ಗೆ ಕೆಲಸ ಶುರು. ಮೈಬೂಬ ಮಂಚ ತರಿಸಿ ಅಂಗಳದಲ್ಲಿ ಹಾಕಿಸಿಕೊಂಡು ಕುಳಿತ. ಮಣ್ಣಿಗೆ ಹೊಟ್ಟು ಬೆರೆಸಿ, ನೀರು ಹಾಕಿ, ತುಳಿಯಬೇಕು. ಸುತ್ತ ಸುತ್ತ ತುಳಿಯುತ್ತ ಸೂಗಪ್ಪನಿಗೆ ಗಾಣದ ಎತ್ತು ನೆನಪಾಗಿ ತನ್ನಷ್ಟಕ್ಕೆ ನಗು ಬಂತು. "ಯಾಕ ನಗ್ತೀ?" ಎಂದು ಮೈಬೂಬ ಕೇಳಿದ. ಅವನು ಹೇಳಿದ. ಮೈಬೂಬನೂ ನಕ್ಕು, "ಆ ಎತ್ತು ನಿನಕಿಂತ ಚೆಂದ ತುಳೀತಿತ್ತು ಬಿಡು, ಇನ್ನೂ ಗಂಟು ಅವ" ಎಂದ.

ಕಲ್ಲು ಇಡುವುದು ತುಳಿಯುವಷ್ಟು ಸುಲಭವಿರಲಿಲ್ಲ. ದೊಡ್ಡ ಕಲ್ಲಿನ ಪಕ್ಕ ಸಣ್ಣದು, ಸಂದಿಗೆ ಚಕ್ಕೆ, ಮೇಲೆ ಮಣ್ಣು. ಸೂಗಪ್ಪ ಇಟ್ಟ ಮೊದಲ ಸಾಲನ್ನು ಮೈಬೂಬ ಕಾಲಿನಿಂದ ಒದ್ದು ಕೆಡವಿದ. ಎರಡನೆಯ ಸಲ ಇಟ್ಟದ್ದನ್ನೂ ಕೆಡವಿದ. ಮೂರನೆಯ ಸಲ ಒದ್ದಾಗ ಅದು ಬೀಳಲಿಲ್ಲ. "ಹಾಂ, ಈಗ ಬಂತು" ಎಂದು ಅವನು ಬೀಡಿ ಹಚ್ಚಿದ. ಸಂಜೆಗೆ ಸೂಗಪ್ಪನ ಅಂಗೈ ತುಂಬ ಗುಳ್ಳೆ. ಮಲ್ಕಮ್ಮ ಎಣ್ಣೆಯ ಬಟ್ಟಲು ತಂದು ಎದುರಿಗಿಟ್ಟಳು. ಅವನಿಗೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಹಾಕಿದಳು. ಅವನು ಐದು ರೊಟ್ಟಿ ತಿಂದದ್ದನ್ನು ನೋಡಿ ಮೊದಲ ಸಲ ಅವಳ ಮುಖ ಸಡಿಲಾಯಿತು. "ಗ್ವಾಡಿ ಕೆಡವಾಂವಾ ಇಷ್ಟ ತಿನ್ನಾಕೇ ಬೇಕು" ಎಂದಳು.

ಗೋಡೆಯಿಂದ ಹೊರಗೆಳೆದ ಮೋಟಾರು ಓಣಿಯ ಅಂಚಿನಲ್ಲಿ ನಿಂತಿತ್ತು. ಕಟ್ಟೆ ಬಿದ್ದುಹೋಗಿದ್ದರಿಂದ ಮಧ್ಯಾಹ್ನ ಅಲ್ಲಿ ಕೂರುತ್ತಿದ್ದ ಮುದುಕರಿಗೆ ಜಾಗವಿರಲಿಲ್ಲ. ಅವರು ಒಬ್ಬೊಬ್ಬರಾಗಿ ಬಂದು ಮೋಟಾರಿನ ಸೀಟಿನಲ್ಲಿ ಕುಳಿತು ಸುದ್ದಿ ಹೇಳತೊಡಗಿದರು. ಎರಡು ದಿನ ಕಳೆದ ಮೇಲೆ, ಕಟ್ಟೆಗಿಂತ ಇದೇ ಮೆತ್ತಗದ ಎಂದು ಒಬ್ಬ ಮುದುಕ ತೀರ್ಪು ಕೊಟ್ಟ.

ಮೂರನೆಯ ದಿನ ಗೋಡೆ ಎದೆಯ ಮಟ್ಟಕ್ಕೆ ಬಂತು. ಆಗ ಒಳಗಿನಿಂದ ಮಲ್ಕಮ್ಮನ ದನಿ ಕೇಳಿಸಿತು. "ನಿಂದರಸು ತಮ್ಮಾ."

ಸೂಗಪ್ಪ ಏನು ತಪ್ಪಾಯಿತೋ ಎಂದು ಹೆದರಿ ಒಳಗೆ ಹೋದ. ಮಲ್ಕಮ್ಮ ಒಲೆಯ ಮುಂದೆ ಕುಳಿತಿದ್ದಳು. ಇನ್ನೂ ಮುಚ್ಚದೆ ಉಳಿದಿದ್ದ ಅರ್ಧ ತೂತಿನಿಂದ ಬಿಸಿಲು ಬಂದು ಹಂಚಿನ ಮೇಲೆ, ಅವಳ ಕೈಯ ಮೇಲೆ ಬಿದ್ದಿತ್ತು. ಮೂರು ದಿನದಿಂದ ಅವಳು ಬೆಳಕಿನಲ್ಲಿ ಅಡಿಗೆ ಮಾಡುತ್ತಿದ್ದಳು. ಆ ಮನೆಗೆ ಸೊಸೆಯಾಗಿ ಬಂದು ಮೂವತ್ತನಾಲ್ಕು ವರ್ಷ. ಅಷ್ಟು ದಿನವೂ ಮಾಳಿಗೆಯ ಒಂದೇ ಬೆಳಕಿಂಡಿಯ ಕೆಳಗೆ, ಹೊಗೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತ, ರೊಟ್ಟಿ ಬೆಂದದ್ದನ್ನು ವಾಸನೆಯಿಂದಲೇ ತಿಳಿದುಕೊಂಡಿದ್ದಳು.

"ನಿನ್ನೆ ಬ್ಯಾಳ್ಯಾಗಿನ ಸಣ್ಣ ಕಲ್ಲ ಆರಿಸೀನಿ. ಒಂದೂ ಬಿಡದಂಗ ಕಂಡವು" ಎಂದಳು. "ಹೊಗಿನೂ ಹೊರಗ ಹೋಗಾಕತ್ತದ. ಇಷ್ಟ ಹಂಗೇ ಬಿಡು."

ಮೈಬೂಬ ಒಪ್ಪಲಿಲ್ಲ. ಹಿಂದಿನ ಗೋಡೆಗೆ ಕಿಡಕಿ ಇಟ್ಟರೆ ಕಳ್ಳರು ಬರುತ್ತಾರೆ, ಯಾರೂ ಇಟ್ಟಿಲ್ಲ ಎಂದ. ಇಬ್ಬರಿಗೂ ಬಹಳ ಹೊತ್ತು ವಾದವಾಯಿತು. ಎಂದೂ ಮಾತಾಡದ ಭಾಗಪ್ಪ ಆಗ ಬಾಯಿ ಬಿಟ್ಟ. "ಆಕಿ ಇಷ್ಟ ವರ್ಷದಾಗ ಏನೂ ಕೇಳಿಲ್ಲ. ಬಿಡ್ರಿ" ಎಂದ. ಅಲ್ಲಿಗೆ ವಾದ ಮುಗಿಯಿತು. ಬಡಿಗೇರ ದೌಲಪ್ಪ ಬೇವಿನ ಚೌಕಟ್ಟು ಮಾಡಿ, ಕಳ್ಳರ ಕೈ ತೂರದಂತೆ ಅಡ್ಡ ಪಟ್ಟಿ ಹೊಡೆದುಕೊಟ್ಟ.

ಇತ್ತ ಕಲಬುರ್ಗಿಯಲ್ಲಿ ನೀಲಗಂಗಮ್ಮನಿಗೆ ಸರಿಯಾದ ಸುದ್ದಿ ಮುಟ್ಟಲಿಲ್ಲ. ಸೂಗಪ್ಪ ಬಾಳೆಹಣ್ಣಿನ ಬಂಡಿಯವನೊಬ್ಬನ ಹತ್ತಿರ ಹೇಳಿಕಳಿಸಿದ್ದ. ಅವನು ಪೇಟೆಯಲ್ಲಿ ಹಣ್ಣು ಇಳಿಸಿ, ಇನ್ನೊಬ್ಬನಿಗೆ ಹೇಳಿದ. ಆ ಇನ್ನೊಬ್ಬ ಅವಳ ಬಾಗಿಲಿಗೆ ಬಂದು ಹೇಳಿದ್ದು ಇಷ್ಟು: "ನಿಮ್ಮ ಯಜಮಾನರು ಆರಾಮ ಅದಾರ್ರಿ. ಕಮಲಾಪುರದಾಗ ಮನಿ ಕಟ್ಟಾಕತ್ತಾರ. ಮಲ್ಕಮ್ಮ ಅನ್ನಾಕಿ ಮನ್ಯಾಗೇ ಊಟ."

ಶನಿವಾರ ಮಧ್ಯಾಹ್ನ ತಿರುಗಿ ಬರುವ ಖಾಲಿ ಬಂಡಿಯೊಂದರಲ್ಲಿ ನೀಲಗಂಗಮ್ಮ ಕಮಲಾಪುರಕ್ಕೆ ಬಂದಿಳಿದಳು. ಸೆರಗು ಸೊಂಟಕ್ಕೆ ಬಿಗಿದಿತ್ತು. ಓಣಿಯಲ್ಲಿ ಗಂಡನ ಮೋಟಾರಿನ ತುಂಬ ಮುದುಕರು ಕುಳಿತಿದ್ದಾರೆ. ಗಂಡ ಮೊಣಕಾಲವರೆಗೆ ಕೆಸರಿನಲ್ಲಿ ನಿಂತಿದ್ದಾನೆ.

"ಮಲ್ಕಮ್ಮ ಅನ್ನಾಕಿ ಎಲ್ಲಿ?" ಎಂದಳು.

"ನಾನೇ. ಯಾಕವ್ವಾ?" ಎಂದು ಕಿಡಕಿಯ ಚೌಕಟ್ಟಿನಿಂದ ನರೆತ ತಲೆಯ ಮಲ್ಕಮ್ಮ ಹಣಕಿದಳು.

ನೀಲಗಂಗಮ್ಮ ಅವಳನ್ನು ನೋಡಿದಳು, ಗಂಡನನ್ನು ನೋಡಿದಳು, ಅಲ್ಲೇ ಕಲ್ಲಿನ ಮೇಲೆ ಕುಳಿತು ನಗಲು ಶುರುಮಾಡಿದಳು. ತನಗೆ ಬಂದ ಸುದ್ದಿ ಏನೆಂದು ಹೇಳಿದಾಗ ಮಲ್ಕಮ್ಮನೂ ನಕ್ಕಳು. ಭಾಗಪ್ಪ ನಾಚಿಕೊಂಡು ತೋಟಕ್ಕೆ ಹೋಗಿಬಿಟ್ಟ. ನಗು ನಿಂತ ಮೇಲೆ ನೀಲಗಂಗಮ್ಮ ಗಂಡನ ಅಂಗೈ ಹಿಡಿದು ನೋಡಿದಳು. ಬ್ರೇಕಿನ ಮಾತು ಎತ್ತಲಿಲ್ಲ. ಅವಳು ಎತ್ತದೇ ಇದ್ದದ್ದೇ ತನಗೆ ಹೆಚ್ಚು ಚುಚ್ಚಿತು ಎಂದು ಸೂಗಪ್ಪ ಹೇಳುತ್ತಿದ್ದ.

ಅವಳು ಅಲ್ಲೇ ಉಳಿದಳು. ಭಾನುವಾರ ಹೆಂಗಸರೆಲ್ಲ ಸೇರಿ ಗೋಡೆಗೆ ಸಾರಣೆ ಮಾಡಿ, ಸುಣ್ಣ ಬಳಿದರು. ಸೂಗಪ್ಪ ಮೈಬೂಬನ ಮಾತಿನಂತೆ ಕಟ್ಟೆಯನ್ನೂ ಕಟ್ಟಿದ. ಈ ಸಲ ಎರಡು ಹೆಜ್ಜೆ ಹಿಂದಕ್ಕೆ ಕಟ್ಟಿದ.

ಸೋಮವಾರ ಗಂಡಿನ ಕಡೆಯವರು ಬಂದರು. ಗಂಡಸರು ಹೊರಗೆ ಪಡಸಾಲೆಯಲ್ಲಿ ಕುಳಿತರು. ಹುಡುಗನ ತಾಯಿ ಮಾತ್ರ ನೇರ ಅಡಿಗೆಮನೆಗೆ ನಡೆದಳು. ಮನೆ ಎಂಥದೆಂದು ತಿಳಿಯಬೇಕಾದರೆ ಒಲೆ ನೋಡಬೇಕು ಎನ್ನುವವಳು ಅವಳು. ಯಮನಮ್ಮ ತಲೆ ತಗ್ಗಿಸಿ ರೊಟ್ಟಿ ಬಡಿಯುತ್ತಿದ್ದಳು. ಬಿಸಿಲು ಅವಳ ಕೈಬಳೆಯ ಮೇಲೆ ಬಿದ್ದಿತ್ತು. ಹುಡುಗನ ತಾಯಿ ಸ್ವಲ್ಪ ಹೊತ್ತು ನಿಂತು ನೋಡಿದಳು.

"ಹಿಂದಿನ ಗ್ವಾಡಿಗೆ ಕಿಡಕಿ? ನಮ್ಮ ಕಡಿ ಎಲ್ಲೂ ನೋಡಿಲ್ಲವ್ವಾ" ಎಂದಳು.

ಮಲ್ಕಮ್ಮ ಮುಖದಲ್ಲಿ ಏನೂ ತೋರಿಸಿಕೊಳ್ಳದೆ ಹೇಳಿದಳು: "ಕಲಬುರ್ಗಿಯಿಂದ ಬಂದದ್ದು."

ಗೋಡೆಯ ಹೊರಗೆ ಮೋಟಾರು ಒರೆಸುತ್ತಿದ್ದ ಸೂಗಪ್ಪ ಬಟ್ಟೆಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡ. ಒಳಗೆ ನೀಲಗಂಗಮ್ಮ ಕೆಮ್ಮುವ ನೆಪ ಮಾಡಿದಳು. ಸಂಜೆಯ ಹೊತ್ತಿಗೆ ಮಾತು ಮುಗಿದು ಸಕ್ಕರೆ ಹಂಚಿದರು.

ಮಂಗಳವಾರ ಸೂಗಪ್ಪ ಗಾಡಿಯನ್ನು ನಡೆದಷ್ಟೇ ನಿಧಾನ ಓಡಿಸಿಕೊಂಡು ಕಲಬುರ್ಗಿಗೆ ಬಂದ. ಮನೆಗೆ ಹೋಗದೆ ಮೊದಲು ಕಮ್ಮಾರನಲ್ಲಿಗೆ ಹೋಗಿ ಬ್ರೇಕು ಬಿಚ್ಚಿ ಸರಿಮಾಡಿಸಿದ. ಮುಂದಿನ ವರ್ಷ ಕರಿಟೋಪಿಯ ಏಜೆಂಟ ಮತ್ತೆ ಬಂದಾಗ ಅವನು ಕಮಲಾಪುರದ ಕಥೆಯನ್ನೆಲ್ಲ ಹೇಳಿ, ಕಡೆಗೆ ಕೇಳಿದ: "ನಿಮ್ಮ ಕಂಪನಿ ಮಂದಿ ಬಂದು ಕಲ್ಲ ಎತ್ತಿ ಕೊಡ್ತಾರೇನ್ರಿ?" ಏಜೆಂಟ ಪ್ರಾಮಾಣಿಕ ಮನುಷ್ಯ. "ಇಲ್ರಿ, ರೊಕ್ಕ ಅಷ್ಟ ಕೊಡ್ತಾರ" ಎಂದ. ನೀಲಗಂಗಮ್ಮ ಒಳಗಿನಿಂದ ನೋಡುತ್ತಿದ್ದಳು. ಸೂಗಪ್ಪ ಬಿಮಾ ಮಾಡಿಸಿದ.

ಆಮೇಲೆ ಅವನು ಇಪ್ಪತ್ತು ವರ್ಷಕ್ಕೂ ಮೇಲೆ ಗಾಡಿ ಓಡಿಸಿದ. ಮೂರು ಮೋಟಾರು ಬದಲಾದವು. ಅವನ ಹತ್ತಿರ ಕಲಿಯಲು ಬಂದವರಿಗೆ ಮೊದಲ ಎಂಟು ದಿನ ಬರೇ ನಿಲ್ಲಿಸುವುದನ್ನೇ ಕಲಿಸುತ್ತಿದ್ದ. ಕಮಲಾಪುರದ ಆ ಓಣಿಯಲ್ಲಿ, ಮೈಬೂಬನ ಕೈ ನೆಟ್ಟಗಾದ ಮೇಲೆ, ಇನ್ನೂ ನಾಲ್ಕು ಅಡಿಗೆಮನೆಗಳಿಗೆ ಕಿಡಕಿ ಬಂದವು.

ಯಮನಮ್ಮನ ಲಗ್ನ ಗೋಡೆ ಕಟ್ಟಿದ ವರ್ಷದ ವೈಶಾಖದಲ್ಲೇ ಆಯಿತು. ಮದುಮಗಳನ್ನು ಗಂಡನ ಊರಿಗೆ ಮೋಟಾರಿನಲ್ಲೇ ಕಳಿಸಿಕೊಡಬೇಕೆಂದು ಮಲ್ಕಮ್ಮ ಹಟ ಹಿಡಿದಳು. ಸೂಗಪ್ಪ ಯಮನಮ್ಮನನ್ನು ಅಲ್ಲಿಗೆ ಮುಟ್ಟಿಸಿ, ನೀಲಗಂಗಮ್ಮನ ಜೊತೆ ಕಲಬುರ್ಗಿಯ ಕಡೆ ಹೊರಳಿದ. ಭಾಗಪ್ಪ ಹಿಂದಿನ ಸೀಟಿನ ಮೇಲೆ ಕೆಂಪು ಬಾಳೆಯ ದೊಡ್ಡ ಗೊನೆಯೊಂದನ್ನು ಇಡಿಸಿದ್ದ. ಏರು ಹತ್ತಿ ಇಂಜಿನ್ನು ಕಾದಾಗ ಹಳ್ಳದ ದಂಡೆಗೆ ಗಾಡಿ ನಿಲ್ಲಿಸಿ, ಇಬ್ಬರೂ ಹುಣಸೆಯ ನೆರಳಿಗೆ ಕುಳಿತರು. ನೀಲಗಂಗಮ್ಮ ಒಂದು ಹಣ್ಣು ಸುಲಿದು ಅವನಿಗೆ ಕೊಟ್ಟಳು, ಒಂದು ತಾನು ತಿಂದಳು. ಇಂಜಿನ್ನಿನ ನೀರು ಆರುವ ತನಕ ಅವಸರವೇನೂ ಇರಲಿಲ್ಲ.